ತಕರಾರುಗಳಿಂದ ಥ್ರಿಲ್ಲರ್ ಕಟ್ಟುವುದು: ಬಂಡೀಪುರದ ರಾತ್ರಿ ರಸ್ತೆಯ ಒಂದು ಎಳೆ

ಥ್ರಿಲ್ಲರ್ ಕಥೆ ಕೇಳಿದವರು "ಸೆಕೆಂಡ್ ಹಾಫ್ ಲ್ಯಾಗ್ ಆಗ್ತಿದೆ" ಎಂದ ಕೂಡಲೇ ಬರೆದವರು ಸೆಕೆಂಡ್ ಹಾಫನ್ನೇ ಬಿಚ್ಚಿಕೊಂಡು ಕೂರುತ್ತಾರೆ. ಒಂದು ಚೇಸ್ ಸೇರುತ್ತದೆ, ಇನ್ನೊಬ್ಬ ಅನುಮಾನಿತ ಬರುತ್ತಾನೆ, ಕೊನೆಗೊಂದು ಟ್ವಿಸ್ಟ್ ಅಂಟಿಕೊಳ್ಳುತ್ತದೆ. ಮುಂದಿನ ಡ್ರಾಫ್ಟಿಗೂ ಅದೇ ಮಾತು ಬರುತ್ತದೆ. ಕೇಳಿದವರಿಗೆ ಬೇಸರ ಆದದ್ದು ನಿಜ, ಆ ಜಾಗದಲ್ಲೇ ಆದದ್ದೂ ನಿಜ. ಕಾರಣ ಮಾತ್ರ ಅಲ್ಲಿಲ್ಲ. ಥ್ರಿಲ್ಲರಿನಲ್ಲಿ ಬಹುಪಾಲು ತಕರಾರುಗಳ ಬೇರು ಕಥೆಯ ಎಳೆಯಲ್ಲಿ, ಅದರಲ್ಲೂ ಅಪರಾಧಿಯ ಯೋಜನೆಯಲ್ಲಿ ಇರುತ್ತದೆ. ಆ ಯೋಜನೆ ಬರಹಗಾರರ ತಲೆಯಲ್ಲಿ ಅರ್ಧಂಬರ್ಧ ಇದ್ದರೆ ಪರದೆಯ ಮೇಲೆ ಎಷ್ಟು ಓಡಾಡಿಸಿದರೂ ಕಥೆ ನಿಂತಲ್ಲೇ ನಿಂತಿರುತ್ತದೆ.

ಇದನ್ನು ಒಂದು ಉದಾಹರಣೆ ಇಟ್ಟುಕೊಂಡೇ ನೋಡುವುದು ಸರಿ. ಕಥೆ ಈ ಲೇಖನಕ್ಕಾಗಿ ಕಟ್ಟಿದ್ದು, ಜಾಗ ನಿಜವಾದದ್ದು. ಕೊಳ್ಳೇಗಾಲದಿಂದ ಮೈಸೂರು, ಗುಂಡ್ಲುಪೇಟೆ, ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿ ಮೂಲಕ ಕೋಯಿಕ್ಕೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರ ಹುಲಿ ಮೀಸಲಿನೊಳಗೆ ಸುಮಾರು 20 ಕಿ.ಮೀ. ಹಾಯುತ್ತದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ ಮತ್ತು ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ವಯನಾಡಿನ ರೋಗಿಗಳು ದೊಡ್ಡ ಚಿಕಿತ್ಸೆಗೆ ಮೈಸೂರಿಗೂ ಬರುವುದುಂಟು.

ಇಷ್ಟು ತಿಳಿದವರಿಗೆ ಮೊದಲ ಎಳೆ ತಾನಾಗಿಯೇ ಹೊಳೆಯುತ್ತದೆ: ರೋಗಿಯನ್ನು ಹೊತ್ತ ಆಂಬುಲೆನ್ಸ್ ರಾತ್ರಿ ಬತ್ತೇರಿ ಕಡೆಯಿಂದ ಕಾಡಿನ ರಸ್ತೆಗೆ ಇಳಿಯುತ್ತದೆ, ಗುಂಡ್ಲುಪೇಟೆಯಲ್ಲಿ ಬಾಗಿಲು ತೆರೆದರೆ ಒಳಗೆ ಯಾರೂ ಇಲ್ಲ, ಚಾಲಕನ ಮೇಲೆ ಅನುಮಾನ.

ಕೇಳಿದವರು "ಸೂಪರ್" ಎನ್ನುತ್ತಾರೆ. ಆಮೇಲೆ ಒಂದು ಕ್ಷಣ ಬಿಟ್ಟು "ಆಮೇಲೆ?" ಎನ್ನುತ್ತಾರೆ. ಬರೆದುಕೊಳ್ಳಬೇಕಾದದ್ದು ಈ ಎರಡನೆಯ ಮಾತನ್ನು. ಇದು ಒಳ್ಳೆಯ ಒಗಟು, ಇನ್ನೂ ಥ್ರಿಲ್ಲರ್ ಆಗಿಲ್ಲ. ಒಗಟಿನ ಪ್ರಶ್ನೆ ಹಿಂದಕ್ಕೆ ನೋಡುತ್ತದೆ: ಏನಾಯಿತು? ಥ್ರಿಲ್ಲರಿನ ಪ್ರಶ್ನೆ ಮುಂದಕ್ಕೆ ನೋಡಬೇಕು: ಇಂಥ ಹೊತ್ತಿನೊಳಗೆ ಇಂಥದ್ದು ಆಗುತ್ತದೋ ಇಲ್ಲವೋ? ಈ ಎಳೆಯಲ್ಲಿ ಯಾರಿಗೆ ಏನು ಬೇಕು, ಎಷ್ಟು ಗಂಟೆಯೊಳಗೆ ಬೇಕು, ಸಿಗದಿದ್ದರೆ ಏನು ಹೋಗುತ್ತದೆ ಎಂಬ ಮೂರೂ ಇಲ್ಲ. ಹೀಗೇ ಚಿತ್ರಕಥೆಗೆ ಕೂತರೆ ಇಪ್ಪತ್ತನೇ ನಿಮಿಷದ ನಂತರ ಎಲ್ಲರೂ ಚಾಲಕನನ್ನು ಪ್ರಶ್ನೆ ಕೇಳುತ್ತಲೇ ಇರುತ್ತಾರೆ, ಆತ ಉತ್ತರಿಸುತ್ತಲೇ ಇರುತ್ತಾನೆ.

ಯಾರಿಗೆ ಕೊಡಬೇಕು, ಏನು ಕೇಳಬೇಕು

ಮೊದಲ ಸುತ್ತಿಗೆ ಇಡೀ ಸ್ಕ್ರಿಪ್ಟ್ ಕೊಡುವುದು ದಂಡ. ಇಡೀ ಕಥೆಯನ್ನು ಒಂದೇ ವಾಕ್ಯದಲ್ಲಿ ಹೇಳುವ, 30 ಪದದೊಳಗಿನ ಒನ್‌ಲೈನ್, ಜೊತೆಗೆ ಎರಡು ಪುಟದ ಸಾರಾಂಶ ಸಾಕು. ಸಾರಾಂಶದಲ್ಲಿ ಕೊನೆಯನ್ನು ಮುಚ್ಚಿಡಬಾರದು. "ಕ್ಲೈಮ್ಯಾಕ್ಸ್ ಪರದೆ ಮೇಲೆ ನೋಡಿ" ಎಂದು ನಿಲ್ಲಿಸಿದರೆ ಬರುವ ಅಭಿಪ್ರಾಯ ಅರ್ಧ ಕಥೆಯ ಮೇಲಿನದು. ಅದರಿಂದ ಏನನ್ನೂ ತಿದ್ದಲಾಗದು.

ಐದರಿಂದ ಏಳು ಜನ ಸಾಕು, ಆದರೆ ಎಲ್ಲರೂ ಸಿನಿಮಾದವರಾಗಬಾರದು. ಸಿನಿಮಾದವರು ತಮಗೆ ಗೊತ್ತಿರುವ ಚಿತ್ರಗಳ ಮೂಲಕ ಕಥೆ ಓದುತ್ತಾರೆ. ಈ ಎಳೆಗಾದರೆ ಚಿತ್ರಕಥೆ ಬಲ್ಲ ಇಬ್ಬರು, ಬರೀ ಪ್ರೇಕ್ಷಕರಾದ ಇಬ್ಬರು, ಆಂಬುಲೆನ್ಸಿನಲ್ಲಿ ಕೆಲಸ ಮಾಡಿದ ಒಬ್ಬ ನರ್ಸ್ ಅಥವಾ ಟೆಕ್ನಿಷಿಯನ್, ಪೊಲೀಸ್ ತನಿಖೆ ಬಲ್ಲ ಒಬ್ಬ ವಕೀಲ, ಆ ರಸ್ತೆಯಲ್ಲಿ ಓಡಾಡುವ ಒಬ್ಬ ಗುಂಡ್ಲುಪೇಟೆಯವರು ಬೇಕು. ಕೊನೆಯ ಮೂವರಷ್ಟು ಉಪಯೋಗಕ್ಕೆ ಬರುವವರು ಬೇರೆ ಇಲ್ಲ. ಇನ್ನೊಂದು ಎಚ್ಚರ: ಒಬ್ಬರ ಮೊದಲ ಓದು ಒಂದೇ ಸಲ ಸಿಗುತ್ತದೆ. ಎಲ್ಲರಿಗೂ ಮೊದಲ ಡ್ರಾಫ್ಟ್ ಕೊಟ್ಟುಬಿಟ್ಟರೆ ಮೂರನೆಯ ಡ್ರಾಫ್ಟ್ ಓದುವಾಗ ಏನೂ ಗೊತ್ತಿಲ್ಲದವರು ಉಳಿದಿರುವುದಿಲ್ಲ. ಇಬ್ಬರನ್ನು ಕೊನೆಗೆ ಎತ್ತಿಡಿ.

"ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬುದಷ್ಟೇ ಉತ್ತರ. ಬದಲಿಗೆ ಓದುವಾಗಲೇ ಅಂಚಿನಲ್ಲಿ ಗುರುತು ಹಾಕಲು ಹೇಳಿ: ಎಲ್ಲಿ ಗಮನ ತಪ್ಪಿತು, ಎಲ್ಲಿ ಮುಂದಿನದನ್ನು ಊಹಿಸಿದಿರಿ, ಏನು ಊಹಿಸಿದಿರಿ, ಎಲ್ಲಿ "ಹೀಗಾಗಲ್ಲ" ಅನ್ನಿಸಿತು. ಓದಿ ಮುಗಿಸಿದ ಮೇಲೆ ಕಾಗದ ನೋಡದೆ ಕಥೆಯನ್ನು ನಾಲ್ಕು ವಾಕ್ಯದಲ್ಲಿ ಹೇಳಿಸಿ. ಅವರು ಬಿಟ್ಟುಬಿಡುವ ಪಾತ್ರ ಕಥೆಗೆ ಬೇಕಿಲ್ಲದ ಪಾತ್ರ. ಅವರು ತಪ್ಪಾಗಿ ಹೇಳುವ ಕಾರಣ ನೀವು ಸ್ಪಷ್ಟವಾಗಿ ಬರೆಯದ ಕಾರಣ. ಅವರು ಮಾತಾಡುವಾಗ ಸಮರ್ಥನೆಗೆ ಇಳಿಯಬಾರದು. ನೀವು ಬಾಯಲ್ಲಿ ವಿವರಿಸಿದ್ದು ಪುಟದಲ್ಲಿಲ್ಲ ಎಂಬುದೇ ಅಲ್ಲಿನ ತೊಂದರೆ.

ಪರಿಹಾರಗಳೂ ಬರುತ್ತವೆ: "ಚಾಲಕನಿಗೆ ಒಂದು ಲವ್ ಸ್ಟೋರಿ ಇಡಿ", "ಪೊಲೀಸೇ ವಿಲನ್ ಆಗ್ಲಿ". ಅವನ್ನೂ ಬರೆದುಕೊಳ್ಳಿ, ಹಾಗೆಯೇ ಬಳಸಬೇಡಿ. ಲವ್ ಸ್ಟೋರಿ ಕೇಳಿದವರು ನಿಜಕ್ಕೂ ಹೇಳುತ್ತಿರುವುದು ಚಾಲಕ ಸೋತರೆ ತಮಗೆ ಏನೂ ಅನ್ನಿಸುವುದಿಲ್ಲ ಎಂದು. ಪೊಲೀಸನನ್ನು ವಿಲನ್ ಮಾಡಿ ಎಂದವರಿಗೆ ಈಗಿನ ವಿಲನ್ ಯಾಕೆ ಹೀಗೆಲ್ಲ ಮಾಡಿದ ಎಂಬುದು ತಿಳಿದಿಲ್ಲ.

ಎರಡು ಕಥೆ, ಎರಡು ಕಾಗದ

ಪ್ರತಿ ಥ್ರಿಲ್ಲರಿನಲ್ಲೂ ಎರಡು ಕಥೆಗಳಿರುತ್ತವೆ. ಒಂದು ನಿಜಕ್ಕೂ ನಡೆದದ್ದು, ಇನ್ನೊಂದು ಪರದೆಯ ಮೇಲೆ ಕಾಣಿಸುವುದು. ಮೊದಲನೆಯದನ್ನು ಪ್ರತ್ಯೇಕ ಕಾಗದದಲ್ಲಿ, ಗಂಟೆ ನಿಮಿಷ ಸಮೇತ, ಅಪರಾಧಿಯ ಕಡೆಯಿಂದ ಬರೆಯಬೇಕು. ಅನೇಕರು ಬಿಡುವ ಹಂತ ಇದೇ. ಅಪರಾಧಿ ದಡ್ಡನಲ್ಲದಿದ್ದರೆ ಪ್ರತಿ ಹೆಜ್ಜೆಯಲ್ಲೂ ತನಗಿದ್ದ ದಾರಿಗಳಲ್ಲಿ ಸುಲಭವಾದದ್ದನ್ನೇ ಆರಿಸುತ್ತಾನೆ. ಕಷ್ಟದ್ದನ್ನು ಆರಿಸಿದ್ದರೆ ಯಾಕೆಂದು ಆ ಕಾಗದದಲ್ಲಿ ಇರಬೇಕು.

ನಮ್ಮ ಎಳೆಯಲ್ಲಿ ರೋಗಿಯನ್ನು ಒಬ್ಬ ಸಾಕ್ಷಿ ಮಾಡೋಣ. ವಯನಾಡಿನ ಎಸ್ಟೇಟೊಂದರ ಲೆಕ್ಕಪತ್ರ ನೋಡುತ್ತಿದ್ದ ವಯಸ್ಸಾದವರು, ಮರುದಿನ ಬೆಳಗ್ಗೆ 11ಕ್ಕೆ ಮೈಸೂರಿನ ನ್ಯಾಯಾಲಯದಲ್ಲಿ ಹೇಳಿಕೆ ಕೊಡಬೇಕು. ಈಗ ವಕೀಲರ ತಕರಾರು: "ಕೊಲ್ಲುವುದೇ ಆದರೆ ಆಸ್ಪತ್ರೆಯಲ್ಲೇ ಕೊಲ್ಲಬಹುದು. ಆನೆ ಹುಲಿ ಓಡಾಡುವ ಕಾಡಿನಲ್ಲಿ, ಎರಡೂ ಕಡೆ ಗೇಟ್ ಇರುವ ರಸ್ತೆಯಲ್ಲಿ ಯಾರು ಮಾಡ್ತಾರೆ?" ಇದಕ್ಕೆ "ವಿಲನ್ ಸೈಕೋ" ಎಂಬ ಉತ್ತರ ಬೇಡ. ವಿಲನ್‌ಗೆ ಬೇಕಿರುವುದು ಸಾವಲ್ಲ ಎಂದು ಬದಲಿಸಿ. ಸಾಕ್ಷಿ ಸತ್ತರೆ ಕೊಲೆ ತನಿಖೆ ಶುರುವಾಗುತ್ತದೆ, ಬೊಟ್ಟು ನೇರ ಇವನತ್ತ. ಸಾಕ್ಷಿ ಕಾಯಿಲೆಯ ನೆಪ ಹೇಳಿ ಆಂಬುಲೆನ್ಸ್ ಹತ್ತಿ, ರಾತ್ರೋರಾತ್ರಿ ರಾಜ್ಯದ ಗಡಿ ದಾಟಿ ತಾನೇ ಇಳಿದು ಹೋದಂತೆ ಕಂಡರೆ "ದುಡ್ಡು ತಿಂದು ತಲೆಮರೆಸಿಕೊಂಡ" ಎಂಬ ಮಾತು ಹುಟ್ಟುತ್ತದೆ. ಬೇಕಿರುವುದು ಅದು.

ಇಷ್ಟಾದ ಮೇಲೆ ಗುಂಡ್ಲುಪೇಟೆಯವರ ತಕರಾರು. ಈ ಹೆದ್ದಾರಿಯಲ್ಲಿ ಗೇಟ್ ಎರಡೇ ಅಲ್ಲ. ಕೇರಳದ ಕಡೆ ಮುತ್ತಂಗ, ಗಡಿ ದಾಟಿದ ಮೇಲೆ ಮೂಲೆಹೊಳೆ, ಕಾಡು ಮುಗಿಯುವಲ್ಲಿ ಮದ್ದೂರು (ಮಂಡ್ಯ ಜಿಲ್ಲೆಯದಲ್ಲ, ಗುಂಡ್ಲುಪೇಟೆ ತಾಲ್ಲೂಕಿನದು). ನಡುವೆ ಇಳಿದ ಮನುಷ್ಯ ರಾತ್ರಿ ಕಾಲ್ನಡಿಗೆಯಲ್ಲಿ ಎಲ್ಲಿಗೆ ಹೋದಾನು? ಕಥೆ ಒಡೆಯುವಂಥ ಪ್ರಶ್ನೆ ಇದು, ಅದಕ್ಕೇ ಬೆಲೆ ಹೆಚ್ಚು. ಯಾರೂ ಕಾಡಿನಲ್ಲಿ ಇಳಿಯಲಾರರು ಎಂಬುದನ್ನು ಒಪ್ಪಿಕೊಂಡುಬಿಡಿ. ಹಾಗಾದರೆ ಕಾಡಿನಲ್ಲಿ ಏನೂ ನಡೆದೇ ಇಲ್ಲ. ಸಾಕ್ಷಿ ಆ ಆಂಬುಲೆನ್ಸನ್ನು ಹತ್ತಿಯೇ ಇಲ್ಲ. ಅವರು ಇನ್ನೂ ವಯನಾಡಿನಲ್ಲೇ ಬಂಧಿ. ಮುಖಕ್ಕೆ ಮಾಸ್ಕ್, ಮೈಗೆ ಕಂಬಳಿ ಹೊದ್ದು ಮಲಗಿದ್ದವನು ವಿಲನ್ ಕಡೆಯವನು, ಜೊತೆಗೆ ಬಂದ ಅಟೆಂಡರೂ ಅವನ ಜೊತೆಗಾರ. ಇಬ್ಬರೂ ಇಳಿದದ್ದು ಮದ್ದೂರು ಗೇಟ್ ದಾಟಿ ಊರುಗಳು ಶುರುವಾದ ಮೇಲೆ, ವಾಹನ ಹಂಪ್‌ನಲ್ಲಿ ನಿಧಾನವಾದಾಗ. ಎಲ್ಲರೂ ಹುಡುಕುವುದು 20 ಕಿ.ಮೀ. ಕಾಡನ್ನು. ಉತ್ತರ ಇರುವುದು ಅದರ ಎರಡೂ ಹೊರಬದಿಯಲ್ಲಿ.

ಒಂದು ತಕರಾರು ಇಡೀ ಕಥೆಯನ್ನು ತಿರುಗಿಸಿತು. ಈಗ ಸಮಯಪಟ್ಟಿ ಬರೆಯಬಹುದು: ಬತ್ತೇರಿ 10.00, ಮುತ್ತಂಗ 10.20, ಮೂಲೆಹೊಳೆ 10.30, ಮದ್ದೂರು 11.05, ಗುಂಡ್ಲುಪೇಟೆ 11.25. ಬರೆದ ಮೇಲೆ ಹಗಲಿನಲ್ಲಿ ಒಮ್ಮೆ ಆ ರಸ್ತೆಯಲ್ಲಿ ಹೋಗಿ ಗಡಿಯಾರ ನೋಡಿಕೊಂಡು ತಿದ್ದಬೇಕು. ಗೇಟಿನಲ್ಲಿ ರಾತ್ರಿ ವಾಹನದ ವಿವರವನ್ನು ಹೇಗೆ ಬರೆದುಕೊಳ್ಳುತ್ತಾರೆ, ಹಿಂಬಾಗಿಲು ತೆರೆಸುತ್ತಾರೋ ಇಲ್ಲವೋ ಎಂಬುದನ್ನು ಅಲ್ಲಿನ ಸಿಬ್ಬಂದಿಯನ್ನೇ ಕೇಳಬೇಕು. ಕಥೆಯ ಬೆನ್ನುಮೂಳೆ ಆ ರಿಜಿಸ್ಟರ್.

ನರ್ಸ್ ಹಿಡಿದ ತಪ್ಪು, ಚಿತ್ರದ ಸುಳಿವು

"ಬಾಗಿಲು ತೆರೆದದ್ದು ಚಾಲಕನಿಗೆ ಗೊತ್ತಾಗಲಿಲ್ಲವೇ?" ಎಂಬುದು ಪ್ರೇಕ್ಷಕರ ಪ್ರಶ್ನೆ. ಕಾಡಿನೊಳಗೆ ಚಾಲಕ ಸೈರನ್ ಆರಿಸಿ ಓಡಿಸಲಿ, ಮದ್ದೂರು ದಾಟಿದೊಡನೆ ಜೋರಾಗಿ ಹಾಕಲಿ; ಹಿಂಬಾಗಿಲಿನ ಸದ್ದು ಅದರಲ್ಲಿ ಮುಳುಗುತ್ತದೆ. ವಿಲನ್ ಕಡೆಯವರು ಆ ಹಂಪನ್ನೇ ಆರಿಸಿದ್ದಕ್ಕೂ ಇದೇ ಕಾರಣ. ಎರಡನೇ ದೃಶ್ಯದಲ್ಲಿ ಚಾಲಕ ಗೇಟಿನ ಮುಂದೆ ಸೈರನ್ ಆರಿಸುವುದನ್ನು ತೋರಿಸಿದರೆ ಸಾಕು, ವಿವರಣೆಯ ಸಂಭಾಷಣೆ ಬೇಕಿಲ್ಲ.

ಇನ್ನು ಆಕ್ಸಿಜನ್. ಮೊದಲ ಡ್ರಾಫ್ಟಿನಲ್ಲಿ ರೋಗಿಗೆ ಬತ್ತೇರಿಯಿಂದ ಮೈಸೂರಿನವರೆಗೆ ಅರ್ಧ ತುಂಬಿದ ಒಂದೇ ಸಿಲಿಂಡರ್ ಇದೆ ಎಂದಿಟ್ಟುಕೊಳ್ಳಿ. ನರ್ಸ್ ಓದಿದ ತಕ್ಷಣ "ಸಾಲಲ್ಲ" ಎನ್ನುತ್ತಾರೆ. ನಮ್ಮಲ್ಲಿ ಬಳಸುವ ಬಿ-ಟೈಪ್ ಸಿಲಿಂಡರ್ ಪೂರ್ತಿ ತುಂಬಿದ್ದರೆ ಸುಮಾರು 1,500 ಲೀಟರ್ ಆಕ್ಸಿಜನ್ ಕೊಡುತ್ತದೆ. ನಿಮಿಷಕ್ಕೆ 10 ಲೀಟರ್ ಹರಿಸಿದರೆ 150 ನಿಮಿಷ. ಅರ್ಧ ಇದ್ದರೆ 75 ನಿಮಿಷ; 10 ಗಂಟೆಗೆ ಹೊರಟರೆ 11.15ಕ್ಕೆ ಖಾಲಿ. ಗುಂಡ್ಲುಪೇಟೆ ಬರುವುದೇ 11.25ಕ್ಕೆ.

ಇಲ್ಲಿ ಅವಸರಪಟ್ಟು "ಪೂರ್ತಿ ತುಂಬಿದ ಸಿಲಿಂಡರ್" ಎಂದು ತಿದ್ದಿಬಿಟ್ಟರೆ ದೊಡ್ಡ ನಷ್ಟ. ಆ ಹತ್ತು ನಿಮಿಷದ ಕೊರತೆಯನ್ನು ಹಾಗೆಯೇ ಇಟ್ಟುಕೊಳ್ಳಿ. ಚಾಲಕನಿಗೆ ಅದು ಗೊತ್ತಿದೆ, ಪ್ರೇಕ್ಷಕರಿಗೂ ಗೊತ್ತು. ಕಾಡಿನ ಹಂಪುಗಳ ಮೇಲೆ ವೇಗ ಹೆಚ್ಚಿಸಲಾಗದು, ರಸ್ತೆಗೆ ಆನೆ ಅಡ್ಡ ಬರಬಹುದು. ಮೊದಲ ಇಪ್ಪತ್ತು ನಿಮಿಷ ಯಾವ ವಿಲನ್ ಇಲ್ಲದೆಯೂ ಬಿಗಿಯಾಗಿರುತ್ತದೆ. ಚಾಲಕ ಗುಂಡ್ಲುಪೇಟೆಯಲ್ಲಿ ನಿಲ್ಲಿಸಿ ಬಾಗಿಲು ತೆರೆಯುವುದಕ್ಕೂ ಕಾರಣ ಸಿಕ್ಕಿತು: ಸಿಲಿಂಡರ್ ಬದಲಿಸಬೇಕು.

ಇದರೊಳಗೇ ಇನ್ನೊಂದಿದೆ. ಒಳಗಿದ್ದವನು ರೋಗಿಯೇ ಅಲ್ಲ, ಹರಿವಿನ ವಾಲ್ವ್ ಮುಚ್ಚಿಯೇ ಇತ್ತು. ಹಾಗಾಗಿ ಗೇಜಿನ ಮುಳ್ಳು ಹೊರಟಾಗ ಎಲ್ಲಿತ್ತೋ ಅಲ್ಲೇ ಇದೆ. ಖಾಲಿಯಾಗಿರಬೇಕಿದ್ದ ಸಿಲಿಂಡರ್ ಅರ್ಧ ತುಂಬಿದೆ! ಗಾಬರಿಯಲ್ಲಿ ಚಾಲಕ ಆಗ ಅದನ್ನು ಗಮನಿಸುವುದಿಲ್ಲ, ಕ್ಯಾಮೆರಾ ಒಂದು ಕ್ಷಣ ಹಾದುಹೋಗುತ್ತದೆ. ಮಧ್ಯಂತರಕ್ಕೆ ಮುನ್ನ ಅವನು ಮತ್ತೆ ಆ ಗೇಜ್ ನೋಡುತ್ತಾನೆ. ಯಾರೂ ಆ ಆಕ್ಸಿಜನ್ ಉಸಿರಾಡಿಲ್ಲ ಎಂದರೆ ರೋಗಿ ಇರಲೇ ಇಲ್ಲ. ಪ್ರೇಕ್ಷಕರಿಗೆ ಮೊದಲೇ ಕೊಟ್ಟಿದ್ದ ಲೆಕ್ಕದಿಂದಲೇ ಹೊಮ್ಮುವ ಇಂಥ ಸುಳಿವು, ಕೊನೆಗೆ ಯಾರೋ ಫ್ಲ್ಯಾಶ್‌ಬ್ಯಾಕಿನಲ್ಲಿ ಹೇಳುವ ಗುಟ್ಟಿಗಿಂತ ಎಷ್ಟೋ ಮೇಲು. ಜ್ಞಾನ ಇರುವವರ ತಕರಾರನ್ನು ಅಳಿಸುವ ಮುನ್ನ ಅದೇ ಕಥೆಯ ಸಂಗತಿಯಾದರೆ ಏನಾಗುತ್ತದೆ ಎಂದು ಒಮ್ಮೆ ನೋಡಲೇಬೇಕು.

ಪೊಲೀಸರ ಬಳಿ ಯಾಕೆ ಹೋಗಲಿಲ್ಲ?

ಥ್ರಿಲ್ಲರ್‌ಗಳಿಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. "ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ" ಎಂದು ಕಳಿಸುವ ಹಳೆಯ ದೃಶ್ಯ ಈಗ ಸುಲಭಕ್ಕೆ ನಿಲ್ಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪಹರಣದಂಥ ಗಂಭೀರ ಅಪರಾಧ ಎಲ್ಲೇ ನಡೆದಿದ್ದರೂ ಠಾಣೆ ಮಾಹಿತಿ ದಾಖಲಿಸಿಕೊಳ್ಳಬೇಕು. ಉತ್ತರವನ್ನು ನಾಯಕನ ತಪ್ಪಿನಲ್ಲೇ ಹುಡುಕುವುದು ಮೇಲು. ಚಾಲಕ ಹೆಚ್ಚಿನ ನಗದು ಪಡೆದು, ವೈದ್ಯರ ರೆಫರಲ್ ಪತ್ರವಿಲ್ಲದೆ ಹೊರಟಿದ್ದಾನೆ. ರೋಗಿ ಇದ್ದ ಎನ್ನಲು ಅವನ ಬಳಿ ಒಂದು ಕಾಗದವೂ ಇಲ್ಲ. ವಿಲನ್ ಇವನನ್ನೇ ಆರಿಸಿದ್ದೂ ಅದಕ್ಕೇ: ಪತ್ರ ಬೇಕೆಂದರೆ ವೈದ್ಯರು ಪರೀಕ್ಷಿಸಬೇಕು, ನಕಲಿ ರೋಗಿ ಅಲ್ಲೇ ಸಿಕ್ಕಿಬೀಳುತ್ತಾನೆ. ನಾಯಕನ ದೌರ್ಬಲ್ಯವೂ ವಿಲನ್‌ನ ಯೋಜನೆಯೂ ಒಂದೇ ಬಿಂದುವಿನಲ್ಲಿ ಸೇರಿದಾಗ, ಲವ್ ಸ್ಟೋರಿ ಕೇಳಿದ ಓದುಗರ ತಕರಾರೂ ತಾನಾಗಿ ಕಡಿಮೆಯಾಗುತ್ತದೆ.

ಮೊಬೈಲ್ ವಿಷಯದಲ್ಲಿ ನಮ್ಮ ಚಿತ್ರಕಥೆಗಳು ತುಂಬ ಸಡಿಲ. ಸಿಡಿಆರ್ (ಕಾಲ್ ಡೀಟೇಲ್ ರೆಕಾರ್ಡ್) ಎಂದರೆ ಮಾತಿನ ರೆಕಾರ್ಡಿಂಗ್ ಅಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರ್ ಎಂಬ ಪಟ್ಟಿ ಅಷ್ಟೇ. ಕಾಡಂಚಿನ ಒಂದು ಟವರ್ ಕಿಲೋಮೀಟರುಗಟ್ಟಲೆ ಹಬ್ಬಿರುತ್ತದೆ, ಅದರಿಂದ "ಈ ಮರದ ಕೆಳಗೆ ಇದ್ದ" ಎನ್ನಲಾಗದು. ಆದರೆ ಅಟೆಂಡರ್ ಫೋನ್ ತಂದಿದ್ದರೆ ಮದ್ದೂರಿನ ಆಚೆ ಅದು ಟವರ್ ಹಿಡಿಯುತ್ತದೆ, ಕಥೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದ್ದರಿಂದ ಅಪರಾಧಿಯ ಕಾಗದದಲ್ಲಿ "ಇಬ್ಬರ ಬಳಿಯೂ ಫೋನ್ ಇಲ್ಲ" ಎಂಬ ಸಾಲು ಇರಲೇಬೇಕು. ಬಂಧಿಸಿದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ನಿಯಮವೂ ನೆನಪಿರಲಿ. ಇಡೀ ಕಥೆ ಹನ್ನೆರಡು ಗಂಟೆಯೊಳಗೆ ಮುಗಿಯುವುದರಿಂದ ಇಲ್ಲಿ ಅದು ಅಡ್ಡ ಬರುವುದಿಲ್ಲ.

ಆನೆಯ ಬಗ್ಗೆ ಒಂದು ಮಾತು. ಕಾಕತಾಳೀಯ ಘಟನೆ ನಾಯಕನನ್ನು ಕಷ್ಟಕ್ಕೆ ತಳ್ಳಿದರೆ ಯಾರೂ ತಕರಾರು ಎತ್ತುವುದಿಲ್ಲ, ಕಷ್ಟದಿಂದ ಪಾರುಮಾಡಿದರೆ ಎಲ್ಲರೂ ಎತ್ತುತ್ತಾರೆ. ಆನೆ ಆಂಬುಲೆನ್ಸನ್ನು ತಡೆಯಬಹುದು. ಕ್ಲೈಮ್ಯಾಕ್ಸಿನಲ್ಲಿ ವಿಲನ್‌ನನ್ನು ತುಳಿಯಬಾರದು.

ಈಗ ಸೆಕೆಂಡ್ ಹಾಫ್

130 ನಿಮಿಷದ ಚಿತ್ರದಲ್ಲಿ ಮಧ್ಯಂತರ 60–65ನೇ ನಿಮಿಷಕ್ಕೆ ಬರುತ್ತದೆ. ಅಲ್ಲಿ ಗೇಜಿನ ಮುಳ್ಳು ತೋರಿಸಿ, ಕೂಡಲೇ ವಯನಾಡಿನ ಎಸ್ಟೇಟ್ ಮನೆಯೊಂದರಲ್ಲಿ ಸಾಕ್ಷಿ ಬದುಕಿರುವುದನ್ನು ತೋರಿಸಿಬಿಡಬೇಕು. "ವಿಲನ್ ಯಾರೆಂದು ಬೇಗ ಗೊತ್ತಾಗುತ್ತೆ" ಎಂಬ ತಕರಾರಿಗೆ ಅನೇಕರು ಮತ್ತಷ್ಟು ಅನುಮಾನಿತರನ್ನು ಸೇರಿಸುತ್ತಾರೆ. ಅದಕ್ಕಿಂತ ನಾವೇ ಹೇಳಿಬಿಡುವುದು ಗಟ್ಟಿ. ಯಾರು ಎಂಬ ಗುಟ್ಟು ಒಂದು ಕ್ಷಣದ ಬೆರಗು ಕೊಡುತ್ತದೆ. ಪ್ರೇಕ್ಷಕರಿಗೆ ಗೊತ್ತಿದ್ದು ನಾಯಕನಿಗೆ ಗೊತ್ತಿಲ್ಲದ ಅಪಾಯ ಒಂದು ಗಂಟೆಯ ಆತಂಕ ಕೊಡುತ್ತದೆ.

ಆದರೆ ವಿಲನ್ ಸಾಕ್ಷಿಯನ್ನು ಇನ್ನೂ ಯಾಕೆ ಜೀವಂತ ಇಟ್ಟಿದ್ದಾನೆ? ಈ ಪ್ರಶ್ನೆ ಬಂದೇ ಬರುತ್ತದೆ. ಬೆಳಗ್ಗೆ 9ಕ್ಕೆ ಸಾಕ್ಷಿ ತನ್ನದೇ ದನಿಯಲ್ಲಿ ಮನೆಯವರಿಗೆ "ನಾನು ಸುರಕ್ಷಿತವಾಗಿದ್ದೀನಿ, ಹುಡುಕಬೇಡಿ" ಎಂದು ಕರೆ ಮಾಡಬೇಕು. ಆಗಷ್ಟೇ ಓಡಿಹೋದ ಕಥೆ ಪೂರ್ತಿಯಾಗುವುದು. ಕರೆ ಮುಗಿದ ಮೇಲೆ ಅವರಿಂದ ಉಪಯೋಗವಿಲ್ಲ. ಗಡಿಯಾರ ಸಿಕ್ಕಿತು: ಒಂಬತ್ತು ಗಂಟೆ.

ಚಾಲಕ ಈಗ ಬತ್ತೇರಿಗೆ ವಾಪಸ್ ಹೋಗಬೇಕು, ಆದರೆ ರೋಗಿಯಿಲ್ಲದ ಆಂಬುಲೆನ್ಸನ್ನು ಗೇಟಿನವರು ಬಿಡುವುದಿಲ್ಲ ಎಂದಿಟ್ಟುಕೊಳ್ಳಿ (ಇದನ್ನೂ ಅಲ್ಲಿನ ಸಿಬ್ಬಂದಿಯನ್ನೇ ಕೇಳಬೇಕು). ಗೇಟ್ ತೆರೆಯುವುದು 6ಕ್ಕೆ. ಇಲ್ಲಿ ಸ್ಥಳೀಯರು ಮತ್ತೆ ತಡೆಯುತ್ತಾರೆ: "ಕುಟ್ಟದ ದಾರಿ ತೆರೆದಿರುತ್ತಲ್ಲ!" ನಿಜ. ಮೈಸೂರು, ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ದೊಡ್ಡ ಸುತ್ತು ಹಾಕಿ ವಯನಾಡು ಸೇರಬಹುದು. ಅದನ್ನು ಮರೆಮಾಚಿದರೆ ಮೈಸೂರಿನಿಂದ ಕೊಡಗಿನವರೆಗಿನ ಪ್ರತಿ ಪ್ರೇಕ್ಷಕರೂ ಚಿತ್ರಮಂದಿರದಲ್ಲೇ ಗೊಣಗುತ್ತಾರೆ. ಅದನ್ನೇ ಆಯ್ಕೆಯಾಗಿ ಮುಂದಿಡಿ: ಗುಂಡ್ಲುಪೇಟೆಯಲ್ಲಿ ಕಾದು 6ಕ್ಕೆ ನೇರ ಹೋಗುವುದೇ, ಪೊಲೀಸರ ಕೈಗೆ ಸಿಗುವ ಮುನ್ನ ಈಗಲೇ ಸುತ್ತು ಹಿಡಿಯುವುದೇ? ಅವನು ಸುತ್ತು ಹಿಡಿದರೆ ಸೆಕೆಂಡ್ ಹಾಫ್ ರಸ್ತೆಯ ಮೇಲೆ ನಡೆಯುತ್ತದೆ, ಪ್ರಶ್ನೆ ಕೇಳುವ ಕೋಣೆಯಲ್ಲಿ ಅಲ್ಲ. ಲ್ಯಾಗ್ ಹೋದದ್ದು ಇಲ್ಲಿ.

ನಿರ್ಮಾಪಕರ ಕಡೆಯಿಂದ ಬರುವ ಅಭಿಪ್ರಾಯ ಬೇರೆ ಬಗೆಯದು. ರಾತ್ರಿ ಸಂಚಾರಕ್ಕೇ ನಿಷೇಧವಿರುವ ಹುಲಿ ಮೀಸಲಿನೊಳಗೆ ವಾರಗಟ್ಟಲೆ ರಾತ್ರಿ ಚಿತ್ರೀಕರಣಕ್ಕೆ ಅನುಮತಿ ಸಿಗುತ್ತದೆಂದು ನಂಬಿ ಬರೆಯಬಾರದು. ಕಾಡಿನ ಭಾಗ 20 ನಿಮಿಷಕ್ಕೆ ಸೀಮಿತವಾಗಿದ್ದು, ಅದೂ ಹೆಚ್ಚಾಗಿ ವಾಹನದೊಳಗೆ ಇರುವುದರಿಂದ ಮೀಸಲಿನ ಹೊರಗಿನ ಬೇರೆ ರಸ್ತೆಯಲ್ಲಿ ತೆಗೆಯಬಹುದು. ಎಳೆಯ ಹಂತದಲ್ಲೇ ಇದನ್ನು ಯೋಚಿಸಿದರೆ ಮುಂದೆ ದೃಶ್ಯ ಕತ್ತರಿಸುವ ಪ್ರಮೇಯ ಬಾರದು.

ಒನ್‌ಲೈನ್ ಈಗ ಹೀಗಾಗುತ್ತದೆ: ಪತ್ರವಿಲ್ಲದೆ ಒಯ್ದ ರೋಗಿ ರಾತ್ರಿ ರಸ್ತೆಯಲ್ಲಿ ಮಾಯವಾದಾಗ, ಆತ ಹತ್ತಿಯೇ ಇರಲಿಲ್ಲವೆಂದು ಅರಿತ ಆಂಬುಲೆನ್ಸ್ ಚಾಲಕ, ಮುಚ್ಚಿದ ಕಾಡನ್ನು ಸುತ್ತಿ ಬೆಳಗ್ಗೆ ಒಂಬತ್ತರೊಳಗೆ ನಿಜವಾದ ಸಾಕ್ಷಿಯನ್ನು ತಲುಪಬೇಕು.

ಅಭಿಪ್ರಾಯಕ್ಕೆ ಕಳಿಸುವ ಮುನ್ನ ಒಂದು ಎಚ್ಚರ. ನಮ್ಮ ಕಾನೂನಿನಲ್ಲಿ ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ಬರೆದ ರೂಪಕ್ಕೆ ಮಾತ್ರ ಇದೆ. 1978ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ಒನ್‌ಲೈನನ್ನು ಬಾಯಲ್ಲಿ ಊರಿಗೆಲ್ಲ ಹೇಳುವ ಬದಲು ವಿವರವಾದ ಸಾರಾಂಶ ಬರೆದು, ಕಳಿಸಿದ ದಿನಾಂಕ ಉಳಿಯುವಂತೆ ಇಮೇಲ್‌ನಲ್ಲಿ ಕಳಿಸಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನಂಥ ಸಂಸ್ಥೆಯಲ್ಲಿ ನೋಂದಾಯಿಸಿಟ್ಟರೆ ಇನ್ನೂ ಒಳ್ಳೆಯದು.

ಎತ್ತಿಟ್ಟಿದ್ದ ಇಬ್ಬರಿಗೆ ಈ ಡ್ರಾಫ್ಟ್ ಕೊಡಿ. "ಯಾಕೆ ಹೀಗೆ ಮಾಡಿದ?" ಎಂಬ ಪ್ರಶ್ನೆ ಒಂದಾದರೂ ಬಂದರೆ ಅಪರಾಧಿಯ ಕಾಗದಕ್ಕೆ ಮರಳಬೇಕು. ಒಬ್ಬರು ಚಾಲಕ ಇನ್ನೂ ಒರಟಾಗಿರಲಿ ಎಂದು, ಇನ್ನೊಬ್ಬರು ಮೆದುವಾಗಿರಲಿ ಎಂದು ಹೇಳುತ್ತಿದ್ದರೆ ಅದು ಅವರವರ ರುಚಿ, ಅಭಿಪ್ರಾಯ ಕೇಳುವುದನ್ನು ನಿಲ್ಲಿಸಿ ಸೀನ್ ಆರ್ಡರ್‌ಗೆ, ಅಂದರೆ ದೃಶ್ಯಗಳ ಕ್ರಮಪಟ್ಟಿಗೆ, ಕೂರಬಹುದು. ಈ ಕಥೆಗೆ 65ರಿಂದ 70 ದೃಶ್ಯ ಬೇಕಾದೀತು, ಅದರಲ್ಲಿ ಮೊದಲ ಹತ್ತರೊಳಗೆ ಆಂಬುಲೆನ್ಸ್ ಗುಂಡ್ಲುಪೇಟೆ ತಲುಪಿರಬೇಕು.